ಹಂದಿ ಶೆಡ್ಡಿಗೊಂದು, ಫೀಡ್ ಮಿಲ್ಲಿಗೊಂದು ತರಬೇತಿ ಏಕೆ? ಒಂದು ಬಹಿರಂಗ ಪತ್ರ

ಹಂದಿ ಸಾಕಾಣಿಕೆ ಮತ್ತು ಪಶು ಆಹಾರ ತಯಾರಿಕೆಯ ವೃತ್ತಿ ತರಬೇತಿಗೆ ಪಠ್ಯಕ್ರಮ ರೂಪಿಸುವ, ಪರೀಕ್ಷೆ ನಡೆಸುವ ಹಾಗೂ ಪ್ರಮಾಣಪತ್ರಕ್ಕೆ ಸಹಿ ಹಾಕುವ ಎಲ್ಲ ಅಧಿಕಾರಿಗಳಿಗೆ,

ಮಾನ್ಯರೇ,

ನಾನು ಮೊದಲು ಹಂದಿ ಶೆಡ್ಡಿನಲ್ಲಿ ಕೆಲಸಗಾರನಾಗಿದ್ದೆ. ಆಮೇಲೆ ಕೆಲವು ವರ್ಷ ಫೀಡ್ ಮಿಲ್ಲಿನ ಮಿಕ್ಸರ್ ಪಕ್ಕದಲ್ಲಿ ನಿಂತು ದುಡಿದೆ, ಈಗ ಎರಡೂ ಕಡೆಯ ಕೆಲಸಗಾರರನ್ನು ನೋಡಿಕೊಳ್ಳುವ ಮೇಲ್ವಿಚಾರಕನಾಗಿದ್ದೇನೆ. ನೀವು ಸಹಿ ಹಾಕಿದ ಪ್ರಮಾಣಪತ್ರ ಹಿಡಿದು ಬರುವ ಯುವಕ ಯುವತಿಯರನ್ನು ಮೊದಲ ದಿನ ಬರಮಾಡಿಕೊಳ್ಳುವವನು ನಾನೇ. ಅವರಿಗೆ ಲಾರ್ಜ್ ವೈಟ್, ಲ್ಯಾಂಡ್‌ರೇಸ್, ಡ್ಯೂರಾಕ್ ತಳಿಗಳ ಹೆಸರು ಬಾಯಿಪಾಠವಾಗಿರುತ್ತದೆ, ಗಬ್ಬದ ಅವಧಿ 114 ದಿನ ಎಂಬುದೂ ಗೊತ್ತಿರುತ್ತದೆ. ಆದರೆ ಮುಂದೆ ಮಲಗಿರುವ ಹಂದಿ ಇವತ್ತು ಸರಿಯಾಗಿ ತಿಂದಿದೆಯೇ ಎಂದು ಕೇಳಿದರೆ ಅವರು ಹಂದಿಯನ್ನು ನೋಡುವ ಬದಲು ಗೋಡೆಗೆ ತೂಗುಹಾಕಿದ ಪಟ್ಟಿಯನ್ನು ನೋಡುತ್ತಾರೆ. ತಪ್ಪು ಅವರದಲ್ಲ, ಅವರಿಗೆ ಕಲಿಸಿದ ಕ್ರಮದ್ದು. ಅದನ್ನು ಬದಲಿಸುವ ಅಧಿಕಾರ ನಿಮ್ಮ ಕೈಯಲ್ಲಿರುವುದರಿಂದ ಈ ಪತ್ರವನ್ನು ನಿಮಗೇ ಬರೆಯುತ್ತಿದ್ದೇನೆ.

ನನ್ನ ಕೋರಿಕೆ ಒಂದೇ. ಹಂದಿ ಸಾಕುವವರಿಗೊಂದು ಕೋರ್ಸು, ಆಹಾರ ತಯಾರಿಸುವವರಿಗೊಂದು ಕೋರ್ಸು ಎಂದು ಬೇರೆ ಬೇರೆ ನಡೆಸುವುದನ್ನು ಬಿಟ್ಟು ಎರಡನ್ನೂ ಒಂದೇ ತರಬೇತಿಯೊಳಗೆ ತನ್ನಿ. ಆ ತರಬೇತಿ ಗಬ್ಬದಿಂದ ಮುಂದಿನ ಬೆದೆಯವರೆಗೆ, ಹಂದಿಯ ಒಂದು ಪೂರ್ಣ ಸುತ್ತಿನಷ್ಟು ಕಾಲ ನಡೆಯಲಿ, ಕೊನೆಯ ಪರೀಕ್ಷೆಯನ್ನು ಕಾಗದದ ಮೇಲೆ ಬರೆಸದೆ ಕೈಯಿಂದ ಮಾಡಿಸಿ.

ಇದನ್ನು ಕೇಳುವ ಹಕ್ಕು ನನಗೆ ಬಂದದ್ದು ನಾನೇ ಮಾಡಿದ ಒಂದು ತಪ್ಪಿನಿಂದ. ಕೆಲಸಕ್ಕೆ ಸೇರಿದ ಮೊದಲ ವರ್ಷ, ಶೆಡ್ಡಿನ ಕೊನೆಯ ಅಂಕಣದ ಬೆಳೆಯುವ ಹಂದಿಗಳು ಒಂದು ಬೆಳಿಗ್ಗೆ ಆಹಾರವನ್ನು ಮೂಸಿ ಬಿಟ್ಟುಬಿಟ್ಟವು. ನಾನು ಓದಿದ್ದನ್ನೆಲ್ಲ ನೆನಪಿಸಿಕೊಂಡು, ಆಹಾರದಲ್ಲೇ ದೋಷವಿರಬೇಕೆಂದು ತೀರ್ಮಾನಿಸಿ ಮಿಲ್ಲಿಗೆ ಹೇಳಿ ಕಳುಹಿಸಿದೆ. ಮಿಲ್ಲಿನವರು ತಮ್ಮ ದಾಖಲೆ ತೆಗೆದು ನೋಡಿ ಉಪ್ಪು ಶೇ 0.4 ಇದೆ, ಎಲ್ಲ ಸರಿಯಾಗಿದೆ ಎಂದರು. ಅವರು ಹೇಳಿದ್ದು ನಿಜವೇ ಆಗಿತ್ತು. ಈ ವಿಚಾರಣೆಯಲ್ಲೇ ಒಂದೂವರೆ ದಿನ ಕಳೆಯಿತು. ಹಿಂದಿನ ವಾರ ಮೇಲಿನ ಟ್ಯಾಂಕ್ ತೊಳೆದಾಗ ತಳದ ಹೂಳು ಪೈಪಿಗೆ ಇಳಿದು, ಸಾಲಿನ ಕೊನೆಯಲ್ಲಿದ್ದ ಎರಡು ನಿಪ್ಪಲ್‌ಗಳು, ಅಂದರೆ ಹಂದಿಗಳು ಬಾಯಿಂದ ಒತ್ತಿ ನೀರು ಕುಡಿಯುವ ನಳಿಕೆಗಳು, ಕಟ್ಟಿಕೊಂಡಿದ್ದವು. ಅದನ್ನು ಕಂಡುಕೊಂಡದ್ದು ನಾನಲ್ಲ, ಸಗಣಿ ಗುಡಿಸಲು ಬಂದಿದ್ದ ಹಿರಿಯ ಕೆಲಸಗಾರ. ಆತ ಹೆಬ್ಬೆರಳಿನಿಂದ ನಿಪ್ಪಲ್ ಒತ್ತಿ, ಒಣಗಿದ ಬೆರಳನ್ನು ನನ್ನ ಮುಂದೆ ಹಿಡಿದ, ಒಂದು ಮಾತೂ ಆಡಲಿಲ್ಲ.

ಬಾಯಾರಿದ ಪ್ರಾಣಿಗೆ ನೀರು ಕೊಡುವುದು ಪುಣ್ಯದ ಕೆಲಸವೆಂದೇ ತಿಳಿದಿದ್ದ ನಾನು ಓಡಿಹೋಗಿ ತೊಟ್ಟಿಯ ತುಂಬ ನೀರು ಬಿಟ್ಟೆ. ಹಂದಿಗಳು ಒಂದರ ಮೇಲೊಂದು ಬಿದ್ದು ಕುಡಿದವು. ಕೆಲವು ಗಂಟೆಗಳಲ್ಲಿ ಒಂದು ಹಂದಿ ಗೋಡೆಗೆ ಹಣೆಯೊತ್ತಿ ನಿಂತಿತು, ಇನ್ನೊಂದು ನಾಯಿಯಂತೆ ಕುಳಿತು ಮೂತಿ ಅದುರಿಸುತ್ತ ಹಿಂದಕ್ಕೆ ವಾಲಿ ಬಿದ್ದು ಕಾಲು ಬಡಿಯತೊಡಗಿತು. ಉಪ್ಪಿನ ವಿಷಬಾಧೆ ಎಂಬ ಹೆಸರನ್ನು ನಾನು ಪುಸ್ತಕದಲ್ಲಿ ಓದಿದ್ದೆ, ಆಹಾರದಲ್ಲಿ ಉಪ್ಪು ಹೆಚ್ಚಾದರೆ ಅದು ಬರುತ್ತದೆ ಎಂದೇ ತಿಳಿದಿದ್ದೆ. ಉಪ್ಪು ಸರಿಯಾದ ಪ್ರಮಾಣದಲ್ಲಿದ್ದರೂ ನೀರು ನಿಂತರೆ ಅದೇ ಬಾಧೆ ಬರುತ್ತದೆ, ಮೆದುಳಿನಲ್ಲಿ ಸೋಡಿಯಂ ಸೇರಿಕೊಂಡಿರುವಾಗ ಒಮ್ಮೆಲೇ ನೀರು ಕುಡಿಸಿದರೆ ಮೆದುಳು ಊದಿಕೊಳ್ಳುತ್ತದೆ, ಆದ್ದರಿಂದ ನೀರನ್ನು ಸ್ವಲ್ಪ ಸ್ವಲ್ಪವೇ, ಬಿಟ್ಟು ಬಿಟ್ಟು ಕೊಡಬೇಕು ಎಂದು ನನಗೆ ಯಾರೂ ಹೇಳಿರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ದಿನ ಬೆಳಗಾದರೆ ಮೊದಲು ಮಾಡಬೇಕಾದ ಕೆಲಸ ಪ್ರತಿಯೊಂದು ನಿಪ್ಪಲ್ ಒತ್ತಿ ನೋಡುವುದು ಎಂಬುದು ನಾನು ಪಡೆದ ತರಬೇತಿಯ ಯಾವ ಪಾಠದಲ್ಲೂ ಇರಲಿಲ್ಲ.

ಆ ದಿನ ಸತ್ತ ಹಂದಿಗಳನ್ನು ಹೊತ್ತು ಹಾಕುವಾಗ ನನಗೆ ಹೊಳೆದದ್ದನ್ನೇ ಈ ಪತ್ರದಲ್ಲಿ ಹೇಳುತ್ತಿದ್ದೇನೆ. ಮಿಲ್ಲಿನವರು ಚೀಲದೊಳಗಿನ ಉಪ್ಪನ್ನು ಮಾತ್ರ ನೋಡಿದರು, ನಾನು ಅಂಕಣದೊಳಗಿನ ಹಂದಿಯನ್ನು ಮಾತ್ರ ನೋಡಿದೆ. ಉಪ್ಪಿಗೂ ನೀರಿಗೂ ಇರುವ ಸಂಬಂಧ ಇಬ್ಬರ ಪಾಠದಲ್ಲೂ ಇಲ್ಲದ್ದರಿಂದ ಅದು ಇಬ್ಬರ ಕೈಗೂ ಸಿಗದೆ ಹೋಯಿತು.

ಸಾಕಾಣಿಕೆಯ ಒಟ್ಟು ಖರ್ಚಿನಲ್ಲಿ ಆಹಾರದ ಪಾಲು ಸಾಮಾನ್ಯವಾಗಿ ಶೇ 60ರಿಂದ 70ರಷ್ಟು ಇರುತ್ತದೆ ಎಂದು ನಿಮ್ಮ ಎಲ್ಲ ಕೈಪಿಡಿಗಳೂ ಮೊದಲ ಪುಟದಲ್ಲೇ ಹೇಳುತ್ತವೆ. ಹಾಗೆ ಹೇಳಿದ ಮೇಲೆ, ಸಾಕಾಣಿಕೆಯ ತರಬೇತಿಯಲ್ಲಿ ಆಹಾರಕ್ಕೆ ಒಂದು ಮಧ್ಯಾಹ್ನ ಮಾತ್ರ ಮೀಸಲಿಟ್ಟು, ಆ ಮಧ್ಯಾಹ್ನವನ್ನೂ ಚೌಕ ಬರೆದು, ಎರಡು ಪದಾರ್ಥಗಳನ್ನು ಯಾವ ಪಾಲಿನಲ್ಲಿ ಬೆರೆಸಬೇಕೆಂಬ ಪ್ರೋಟೀನ್ ಲೆಕ್ಕ ಹಾಕಿಸುವುದರಲ್ಲಿ ಕಳೆಯುವುದು ಯಾವ ನ್ಯಾಯ? ಚೌಕದ ಲೆಕ್ಕವನ್ನು ನಾನು ತೆಗೆದುಹಾಕಿ ಎನ್ನುತ್ತಿಲ್ಲ, ಅದು ಒಳ್ಳೆಯ ಮೊದಲ ಹೆಜ್ಜೆ. ಶೇ 8ರಷ್ಟು ಪ್ರೋಟೀನ್ ಇರುವ ಮೆಕ್ಕೆಜೋಳ (ಮುಂದೆ ಬರೀ ಜೋಳ ಎನ್ನುತ್ತೇನೆ) ಮತ್ತು ಶೇ 46ರಷ್ಟು ಇರುವ ಸೋಯಾ ಹಿಂಡಿಯಿಂದ ಶೇ 16ರ ಮಿಶ್ರಣ ಬೇಕಾದರೆ ಸುಮಾರು 79 ಭಾಗ ಜೋಳ, 21 ಭಾಗ ಹಿಂಡಿ ಎಂದು ಚೌಕ ಹೇಳಿಬಿಡುತ್ತದೆ. ಆದರೆ ಹಂದಿಗೆ ಬೇಕಿರುವುದು ಪ್ರೋಟೀನ್ ಎಂಬ ಅಂಕಿಯಲ್ಲ, ಅದರೊಳಗಿನ ಅಮೈನೋ ಆಮ್ಲಗಳು, ಧಾನ್ಯ ತಿನ್ನುವ ಹಂದಿಗೆ ಅವುಗಳಲ್ಲಿ ಮೊದಲು ಕೊರತೆಯಾಗುವುದು ಲೈಸಿನ್. ಸೋಯಾ ಹಿಂಡಿ ತುಟ್ಟಿಯಾಯಿತೆಂದು ಅದೇ 21 ಭಾಗದ ಜಾಗದಲ್ಲಿ ಹೆಚ್ಚುಕಡಿಮೆ ಅಷ್ಟೇ ಪ್ರೋಟೀನ್ ಇರುವ ಕಡಲೆಕಾಯಿ ಹಿಂಡಿ ಹಾಕಿದರೆ ಚೌಕದ ಉತ್ತರ ಬದಲಾಗುವುದಿಲ್ಲ. ಬದಲಾಗುವುದು ಲೈಸಿನ್: ಸೋಯಾ ಮಿಶ್ರಣದಲ್ಲಿ ಅದು ಶೇ 0.8ರ ಹತ್ತಿರವಿದ್ದರೆ ಕಡಲೆಕಾಯಿ ಮಿಶ್ರಣದಲ್ಲಿ ಶೇ 0.5ರ ಆಸುಪಾಸಿಗೆ ಇಳಿಯುತ್ತದೆ. ಮೊದಲನೆಯದು 75 ಕೆಜಿ ದಾಟಿದ ಹಂದಿಗೆ ಸಾಕಾದೀತು, ಎರಡನೆಯದು ಅದಕ್ಕೂ ಸಾಲದು. ಚೀಲದ ಮೇಲಿನ ಚೀಟಿಯಲ್ಲಿ ಎರಡರದೂ ಶೇ 16 ಎಂದೇ ಇರುತ್ತದೆ. ಶೆಡ್ಡಿನಲ್ಲಿ ಮಾತ್ರ ಹಂದಿ ತಿಂದದ್ದೆಲ್ಲ ಕೊಬ್ಬಾಗಿ, ತೊಡೆ ತುಂಬಿಕೊಳ್ಳದೆ, ತೂಕ ಬರಲು ವಾರಗಟ್ಟಲೆ ಹೆಚ್ಚು ತೆಗೆದುಕೊಳ್ಳುತ್ತದೆ. ತೊಡೆ ತುಂಬಿಲ್ಲ ಎಂದು ಕಣ್ಣಿನಿಂದ ಅಳೆಯಬಲ್ಲವನಿಗೆ ಲೈಸಿನ್ ಗೊತ್ತಿಲ್ಲ, ಲೈಸಿನ್ ಗೊತ್ತಿರುವವನು ಆ ತೊಡೆಯನ್ನು ಎಂದೂ ನೋಡುವುದಿಲ್ಲ.

ಕಡಲೆಕಾಯಿ ಹಿಂಡಿಯ ಮಾತು ಬಂದಮೇಲೆ ಬೂಷ್ಟಿನ ಮಾತನ್ನೂ ಆಡಲೇಬೇಕು. ಬೂಷ್ಟು ಹುಟ್ಟಿಸುವ ಅಫ್ಲಾಟಾಕ್ಸಿನ್ ಎಂಬ ವಿಷದ ಬಗ್ಗೆ ಈಚೆಗೆ ಎಲ್ಲ ಕಡೆಯೂ ಒಂದಿಷ್ಟು ಹೇಳಲಾಗುತ್ತಿದೆ. ಆದರೆ ಹೊಲದಲ್ಲೇ ಜೋಳದ ತೆನೆಗೆ ಹತ್ತುವ ಫ್ಯುಸೇರಿಯಂ ಜಾತಿಯ ಶಿಲೀಂಧ್ರಗಳು ಹುಟ್ಟಿಸುವ ಜಿಯರಲೆನೋನ್ ಎಂಬ ವಿಷ ಹಂದಿಯ ಮೈಯಲ್ಲಿ ಹೆಣ್ಣು ಹಾರ್ಮೋನಿನಂತೆ ವರ್ತಿಸುತ್ತದೆ. ಇನ್ನೂ ಪ್ರಾಯಕ್ಕೆ ಬಾರದ ಹೆಣ್ಣುಮರಿಗಳ ಯೋನಿ ಕೆಂಪಗೆ ಊದಿಕೊಳ್ಳುತ್ತದೆ. ಬೆದೆಯ ಲಕ್ಷಣಗಳನ್ನು ಪಟ್ಟಿಯಾಗಿ ಮಾತ್ರ ಕಲಿತ ಹುಡುಗ ಅದನ್ನು ಬೆದೆ ಎಂದೇ ಬರೆದಿಟ್ಟುಕೊಂಡು ಕೃತಕ ಗರ್ಭಧಾರಣೆಗೆ ವೀರ್ಯ ತರಿಸುತ್ತಾನೆ. ಬೆನ್ನು ಒತ್ತಿದಾಗ ಹಂದಿ ಕಿವಿ ನಿಮಿರಿಸಿ ಕಲ್ಲಿನಂತೆ ನಿಲ್ಲುತ್ತದೆಯೇ ಎಂದು ಪರೀಕ್ಷಿಸಬೇಕು, ಒಂದೇ ವಾರದಲ್ಲಿ ಅಂಕಣದ ಎಲ್ಲ ಹೆಣ್ಣುಮರಿಗಳಿಗೂ ಹಾಗಾಗಿದ್ದರೆ ಅದು ಬೆದೆಯಲ್ಲ, ಗೋದಾಮಿಗೆ ಬಂದ ಹೊಸ ಜೋಳ ಎಂದು ಅನುಮಾನಿಸಬೇಕು. ಇದನ್ನು ಕಲಿಸಲು ಒಂದು ಕಾಲು ಶೆಡ್ಡಿನಲ್ಲಿ, ಒಂದು ಕಾಲು ಗೋದಾಮಿನಲ್ಲಿ ಇಟ್ಟಿರುವ ಶಿಕ್ಷಕರೇ ಬೇಕು. ಜೋಳದ ತೇವಾಂಶ ಶೇ 14ಕ್ಕಿಂತ ಕಡಿಮೆ ಇದ್ದರೆ ಗೋದಾಮಿನಲ್ಲಿ ಬೂಷ್ಟು ಬೆಳೆಯುವುದು ತಪ್ಪುತ್ತದೆ, ಹೊಲದಿಂದಲೇ ಬಂದ ವಿಷ ಒಣಗಿಸಿದ ಮಾತ್ರಕ್ಕೆ ಹೋಗುವುದಿಲ್ಲ. ಅದು ರಾಶಿಯಲ್ಲಿ ಎಲ್ಲ ಕಡೆ ಸಮನಾಗಿರದೆ ಅಲ್ಲೊಂದು ಇಲ್ಲೊಂದು ಕಡೆ ಗುಂಪಾಗಿರುವುದರಿಂದ, ಲಾರಿಯ ಮೇಲ್ಭಾಗದಿಂದ ಒಂದು ಹಿಡಿ ತೆಗೆದು ಪರೀಕ್ಷೆಗೆ ಕಳುಹಿಸಿದರೆ ಪ್ರಯೋಜನವಿಲ್ಲ. ಉದ್ದನೆಯ ಕೊಳವೆ ಚುಚ್ಚಿ ಹಲವು ಕಡೆಯಿಂದ, ಹಲವು ಆಳದಿಂದ ಮಾದರಿ ತೆಗೆದು ಕಲೆಸಬೇಕು. ಈ ಕೆಲಸವನ್ನು ನಿಮ್ಮ ಅಭ್ಯರ್ಥಿಗಳಲ್ಲಿ ಎಷ್ಟು ಮಂದಿ ಒಮ್ಮೆಯಾದರೂ ಕೈಯಾರೆ ಮಾಡಿದ್ದಾರೆಂದು ಕೇಳಿ ನೋಡಿ.

ಇನ್ನು ಮಿಲ್ಲಿನ ಕಡೆಯ ತರಬೇತಿ. ಅಲ್ಲಿ ಯಂತ್ರದ ಭಾಗಗಳ ಚಿತ್ರ ಬಿಡಿಸಲು ಕಲಿಸುತ್ತಾರೆ, ಯಂತ್ರ ಮಾಡಿದ ತಪ್ಪು ಹಂದಿಯ ಮೈಯಲ್ಲಿ ಹೇಗೆ ಕಾಣಿಸುತ್ತದೆ ಎಂಬುದನ್ನಲ್ಲ. ಹಂದಿಗೆ ಜೋಳದ ಪುಡಿ ಸರಾಸರಿ 600ರಿಂದ 700 ಮೈಕ್ರಾನ್ (ಒಂದು ಮೈಕ್ರಾನ್ ಮಿಲಿಮೀಟರಿನ ಸಾವಿರದ ಒಂದು ಭಾಗ) ಇರಬೇಕೆಂಬುದು ಸಾಮಾನ್ಯ ಶಿಫಾರಸು. ಅದಕ್ಕಿಂತ ತೀರಾ ನಯವಾದರೆ ಜಠರದ ಬಾಯಿಯ ಹತ್ತಿರ ಹುಣ್ಣಾಗುತ್ತದೆ, ಹಂದಿ ಬಿಳಿಚಿಕೊಂಡು ಕಪ್ಪು ಸಗಣಿ ಹಾಕುತ್ತದೆ. ತೀರಾ ದಪ್ಪವಾದರೆ ಜೀರ್ಣವಾಗದೆ ಹೊರಬೀಳುತ್ತದೆ. ಕಾಳು ಪುಡಿಮಾಡುವ ಹ್ಯಾಮರ್ ಮಿಲ್ಲಿನ ಜಾಲರಿಯಲ್ಲಿ ಬೆರಳು ತೂರುವಷ್ಟು ಹರಿದ ಒಂದು ತೂತು ಬಿದ್ದರೆ ಸಾಕು, ಇಡೀ ಕಾಳುಗಳು ಅಲ್ಲಿಂದಲೇ ಜಾರಿಕೊಂಡು ಬರುತ್ತವೆ. ಮಿಲ್ಲಿನ ಸದ್ದು, ಧೂಳಿನಲ್ಲಿ ಅದು ಕಾಣುವುದಿಲ್ಲ. ಕಾಣುವುದು ಶೆಡ್ಡಿನಲ್ಲಿ, ಸಗಣಿ ತೊಳೆಯುವಾಗ, ನೀರಿನೊಂದಿಗೆ ಹರಿದು ಹೋಗುವ ಹಳದಿ ಚೂರುಗಳಾಗಿ. ಒಮ್ಮೆ ನಮ್ಮಲ್ಲಿಗೆ ಬಂದ ಒಬ್ಬ ಹುಡುಗಿ ಆ ಚೂರುಗಳನ್ನು ಅಂಗೈಯಲ್ಲಿ ತೊಳೆದುಕೊಂಡು ನೇರವಾಗಿ ಮಿಲ್ಲಿಗೆ ನಡೆದುಹೋಗಿ, ಯಂತ್ರ ನಿಲ್ಲಿಸಿ ಜಾಲರಿ ಬಿಚ್ಚಿ ತೋರಿಸಿ ಎಂದು ಕೇಳಿದ್ದಳು. ತೂತು ಸಿಕ್ಕಿತು. ಅವಳಿಗೆ ಅದನ್ನು ಕಲಿಸಿದ್ದು ಯಾವ ಕೋರ್ಸೂ ಅಲ್ಲ, ಅವಳ ಮನೆಯವರು ಹಿಟ್ಟಿನ ಗಿರಣಿ ನಡೆಸುತ್ತಿದ್ದರು.

ಮಿಶ್ರಣದ ವಿಷಯದಲ್ಲಂತೂ ನನಗೆ ಆತಂಕವೇ ಇದೆ. ಒಂದು ಟನ್ ಆಹಾರಕ್ಕೆ ಬೇಕಾಗುವ ಸೆಲೆನಿಯಂ ಎಂಬ ಖನಿಜ ಒಂದು ಗ್ರಾಮಿಗಿಂತಲೂ ಕಡಿಮೆ. ಇಲ್ಲದಿದ್ದರೆ ಹಂದಿ ಬದುಕದು, ಹತ್ತಿಪ್ಪತ್ತು ಪಟ್ಟು ಹೆಚ್ಚಾದರೆ ಕೂದಲುದುರಿ, ಗೊರಸು ಬಿರಿದು, ಕಾಲು ಎಳೆದುಕೊಂಡು ನರಳುತ್ತದೆ. ಅಷ್ಟು ಸಣ್ಣ ಪ್ರಮಾಣದ ವಸ್ತುವನ್ನು ಅಷ್ಟು ದೊಡ್ಡ ರಾಶಿಯಲ್ಲಿ ಸಮನಾಗಿ ಹರಡುವುದು ಮಿಕ್ಸರ್ ಗುಂಡಿ ಒತ್ತಿದಷ್ಟು ಸುಲಭದ ಕೆಲಸವಲ್ಲ. ಮೊದಲು ಜೋಳದ ಹಿಟ್ಟು ಬೀಳಬೇಕು, ವಿಟಮಿನ್, ಖನಿಜಗಳ ಪುಡಿಯಾದ ಪ್ರೀಮಿಕ್ಸನ್ನು ಸ್ವಲ್ಪ ಹಿಟ್ಟಿನಲ್ಲಿ ಮೊದಲೇ ಕಲೆಸಿ ಆಮೇಲೆ ಸುರಿಯಬೇಕು, ಎಣ್ಣೆಯಂಥ ದ್ರವ ಕೊನೆಗೆ ಬರಬೇಕು, ಮಿಕ್ಸರನ್ನು ಕಂಠದವರೆಗೆ ತುಂಬಬಾರದು. ಕೆಲಸ ಸರಿಯಾಗಿದೆಯೇ ಎಂದು ತಿಳಿಯಲು ಒಂದೇ ಬ್ಯಾಚಿನ ಹತ್ತು ಕಡೆಯಿಂದ ಮಾದರಿ ತೆಗೆದು ಉಪ್ಪಿನಂಥ ಒಂದು ಅಂಶವನ್ನು ಅಳೆಯುತ್ತಾರೆ, ಅವುಗಳ ನಡುವಿನ ಏರಿಳಿತದ ಗುಣಾಂಕ ಶೇ 10ಕ್ಕಿಂತ ಕಡಿಮೆ ಇದ್ದರೆ ಮಿಶ್ರಣ ಒಪ್ಪಿತ. ಇದು ಒಂದು ಬೆಳಗಿನ ಕೆಲಸ, ದೊಡ್ಡ ಉಪಕರಣವೇನೂ ಬೇಡ. ಆದರೂ ಇದನ್ನು ಮಾಡಿ ತೋರಿಸದೆ ಮಿಕ್ಸರ್ ನಿರ್ವಾಹಕ ಎಂಬ ಪ್ರಮಾಣಪತ್ರ ಪಡೆದವರನ್ನು ನಾನು ಕಂಡಿದ್ದೇನೆ. ಒಂದೇ ಯಂತ್ರದಲ್ಲಿ ಕೋಳಿಗೂ ಕುದುರೆಗೂ ಹಂದಿಗೂ ಆಹಾರ ಮಾಡುವ ಮಿಲ್ಲುಗಳಲ್ಲಿ ಯಾವುದರ ಹಿಂದೆ ಯಾವುದನ್ನು ಮಾಡಬೇಕು ಎಂಬ ಸರತಿಯೂ ಜೀವನ್ಮರಣದ ಪ್ರಶ್ನೆ. ಕೋಳಿ ಆಹಾರಕ್ಕೆ ಹಾಕುವ ಮೊನೆನ್ಸಿನ್ ಎಂಬ ಮದ್ದು ಯಂತ್ರದ ಮೂಲೆಯಲ್ಲಿ ಉಳಿದು ಕುದುರೆಯ ಆಹಾರಕ್ಕೆ ಸೇರಿದರೆ ಕುದುರೆ ಸಾಯುತ್ತದೆ. ಹಂದಿಯ ಮದ್ದಿನ ಆಹಾರ ಮಾಡಿದ ಮೇಲೆ ಯಂತ್ರವನ್ನು ಜೋಳದ ಹಿಟ್ಟಿನಿಂದ ತೊಳೆಯದೆ ಮಾರಾಟಕ್ಕೆ ಸಿದ್ಧವಾದ ಹಂದಿಗಳ ಆಹಾರ ಮಾಡಿದರೆ ಮಾಂಸದಲ್ಲಿ ಮದ್ದಿನ ಶೇಷ ಉಳಿಯುತ್ತದೆ. 1999ರಲ್ಲಿ ಬೆಲ್ಜಿಯಂನಲ್ಲಿ ಡಯಾಕ್ಸಿನ್ ಎಂಬ ವಿಷ ಬೆರೆತ ಕೊಬ್ಬು ಪಶು ಆಹಾರಕ್ಕೆ ಸೇರಿ, ಕೋಳಿ, ಮೊಟ್ಟೆ, ಹಂದಿಮಾಂಸ ಎಲ್ಲವನ್ನೂ ಮಾರುಕಟ್ಟೆಯಿಂದ ವಾಪಸು ತರಿಸಬೇಕಾಗಿ ಬಂದದ್ದು ನಿಮಗೆ ನೆನಪಿರಬಹುದು. ಪ್ರತಿ ಬ್ಯಾಚಿಗೂ ಸಂಖ್ಯೆ ಬರೆದು, ಒಂದು ಹಿಡಿ ಮಾದರಿಯನ್ನು ಕಟ್ಟಿ ಎತ್ತಿಡುವ ಅಭ್ಯಾಸ ಕಾಗದದ ಕೆಲಸವಲ್ಲ ಎಂದು ಹೊಸಬರಿಗೆ ಮನವರಿಕೆ ಮಾಡಲು ಆ ಒಂದು ಕಥೆ ಸಾಕು.

ಈಗ ಅವಧಿಯ ಪ್ರಶ್ನೆ. ಮೂರು ದಿನದ, ಒಂದು ವಾರದ ತರಬೇತಿಗಳು ಜಾಗೃತಿ ಶಿಬಿರಗಳೇ ಹೊರತು ವೃತ್ತಿ ತರಬೇತಿಯಲ್ಲ. ಹಾಗೆ ಕರೆಯುವುದನ್ನಾದರೂ ನಿಲ್ಲಿಸಿ. ಹಂದಿಯ ಗಬ್ಬ ಮೂರು ತಿಂಗಳು, ಮೂರು ವಾರ, ಮೂರು ದಿನ. ಮರಿಗಳು ಮೂರರಿಂದ ನಾಲ್ಕು ವಾರ ಹಾಲು ಕುಡಿಯುತ್ತವೆ, ಹಾಲು ಬಿಡಿಸಿದ ನಾಲ್ಕರಿಂದ ಏಳನೆಯ ದಿನದೊಳಗೆ ತಾಯಿ ಮತ್ತೆ ಬೆದೆಗೆ ಬರುತ್ತದೆ. ಕೂಡಿಸಿದರೆ ಐದು ತಿಂಗಳು. ಅಷ್ಟು ಕಾಲ ಅಭ್ಯರ್ಥಿ ಅವೇ ಕೆಲವು ಹಂದಿಗಳ ಜವಾಬ್ದಾರಿ ಹೊರಬೇಕು ಎಂದು ನಾನು ಕೇಳುತ್ತೇನೆ. ಗಬ್ಬದಲ್ಲಿ ಅತಿಯಾಗಿ ತಿನ್ನಿಸಿದ ಹಂದಿ ಈದ ಮೇಲೆ ತಿನ್ನುವುದನ್ನು ಕಡಿಮೆ ಮಾಡುತ್ತದೆ, ಹಾಲು ಇಳಿಯುತ್ತದೆ, ಮೈ ಕರಗುತ್ತದೆ, ಮತ್ತೆ ಬೆದೆಗೆ ಬರುವುದು ತಡವಾಗುತ್ತದೆ. ಎರಡನೆಯ ತಿಂಗಳಲ್ಲಿ ಮಾಡಿದ ತಪ್ಪಿನ ಫಲ ಐದನೆಯ ತಿಂಗಳಲ್ಲಿ ಕಾಣುವ ಈ ವೃತ್ತಿಯಲ್ಲಿ, ಒಂದು ವಾರ ಇದ್ದು ಹೋದವನು ತನ್ನ ತಪ್ಪನ್ನು ತಾನೇ ನೋಡುವ ಅವಕಾಶವೇ ಇಲ್ಲ.

ಈಯುವ ರಾತ್ರಿಯನ್ನಂತೂ ಉಪನ್ಯಾಸದಲ್ಲಿ ತೋರಿಸಲು ಬರುವುದಿಲ್ಲ. ಹುಟ್ಟಿದ ಮರಿಗೆ 32ರಿಂದ 34 ಡಿಗ್ರಿ ಸೆಲ್ಸಿಯಸ್ ಬೆಚ್ಚಗೆ ಬೇಕು, ಅದರ ತಾಯಿಗೆ 20 ಡಿಗ್ರಿಯೇ ಹಿತ. ಬೆವರಿ ಮೈ ತಣಿಸಿಕೊಳ್ಳಲಾರದ ಪ್ರಾಣಿ ಅದು. ಒಂದೇ ಅಂಕಣದೊಳಗೆ ಎರಡು ಋತುಗಳನ್ನು ಇಟ್ಟುಕೊಳ್ಳುವ ಕಲೆ ಇದು. ಮರಿಗಳಿಗೆ ದೀಪದ ಮೂಲೆ, ತಾಯಿಗೆ ತಣ್ಣನೆಯ ನೆಲ. ದೀಪ ತೀರಾ ಕೆಳಗಿದ್ದರೆ ಮರಿಗಳು ಮೂಲೆ ಬಿಟ್ಟು ದೂರ ಮಲಗುತ್ತವೆ, ತೀರಾ ಮೇಲಿದ್ದರೆ ಒಂದರ ಮೇಲೊಂದು ರಾಶಿಯಾಗುತ್ತವೆ ಅಥವಾ ತಾಯಿಯ ಹೊಟ್ಟೆಗೆ ಅಂಟಿಕೊಂಡು ಅದರ ಕೆಳಗೆ ಸಿಕ್ಕಿ ಸಾಯುತ್ತವೆ. ಪಕ್ಕಪಕ್ಕದಲ್ಲಿ, ಆದರೆ ಮೇಲೆ ಏರದೆ ಮಲಗಿದ ಮರಿಗಳನ್ನು ಒಮ್ಮೆ ನೋಡಿದವನಿಗೆ ಥರ್ಮಾಮೀಟರ್ ಇಲ್ಲದಿದ್ದರೂ ನಡೆದೀತು. ಹಂದಿಮರಿ ಹುಟ್ಟುವಾಗ ತಾಯಿಯಿಂದ ರೋಗನಿರೋಧಕ ಶಕ್ತಿಯನ್ನು ಹೊತ್ತು ತರುವುದಿಲ್ಲ, ಅದಷ್ಟೂ ಗಿಣ್ಣುಹಾಲಿನಿಂದಲೇ ಬರಬೇಕು. ಸುಮಾರು ಒಂದು ದಿನ ಕಳೆಯುವಷ್ಟರಲ್ಲಿ ಕರುಳು ಅದನ್ನು ಹೀರುವ ಬಾಗಿಲನ್ನು ಮುಚ್ಚಿಬಿಡುತ್ತದೆ. ಆದ್ದರಿಂದ ಹನ್ನೆರಡು ಹದಿಮೂರು ಮರಿಗಳಿದ್ದಾಗ, ಮೊದಲು ಹುಟ್ಟಿ ಹೊಟ್ಟೆ ತುಂಬಿಸಿಕೊಂಡ ದೊಡ್ಡವನ್ನು ಬೆಚ್ಚನೆಯ ಪೆಟ್ಟಿಗೆಯಲ್ಲಿ ಒಂದು ಗಂಟೆ ಕೂರಿಸಿ ಸಣ್ಣವಕ್ಕೆ ಮೊಲೆ ಬಿಟ್ಟುಕೊಡಬೇಕು. ಯಾವುದು ಕುಡಿದಿದೆ, ಯಾವುದು ಕುಡಿದಿಲ್ಲ ಎಂದು ಹೇಳಲು ಮರಿಯನ್ನು ಅಂಗೈಗೆ ಎತ್ತಿಕೊಂಡು ಹೊಟ್ಟೆ ಮುಟ್ಟಬೇಕು, ಬಾಯೊಳಗೆ ಬೆರಳಿಟ್ಟು ಬಿಸಿಯೋ ತಣ್ಣಗೋ ನೋಡಬೇಕು. ಮೊದಲ ವಾರದೊಳಗೆ ಕೊಡುವ 200 ಮಿಲಿಗ್ರಾಂ ಕಬ್ಬಿಣದ ಚುಚ್ಚುಮದ್ದಿನ ಪಾಠ ಎಲ್ಲ ಕಡೆಯೂ ಇದೆ, ಚೆನ್ನಾಗಿಯೇ ಕಲಿಸುತ್ತಾರೆ. ಅದರ ಬಗ್ಗೆ ನನ್ನ ತಕರಾರಿಲ್ಲ.

ಇಷ್ಟು ದೀರ್ಘ ತರಬೇತಿಗೆ ಶೆಡ್ಡಿನೊಳಗೆ ಜನರನ್ನು ಬಿಟ್ಟರೆ ರೋಗ ಹರಡುವುದಿಲ್ಲವೇ ಎಂದು ನಿಮ್ಮಲ್ಲಿ ಕೆಲವರು ಕೇಳುತ್ತೀರಿ ಎಂದು ಬಲ್ಲೆ. ಪ್ರಶ್ನೆ ಸರಿಯಾದದ್ದೇ. ಆದರೆ ಈಗ ನಡೆಯುತ್ತಿರುವುದೇನು? ಅಧ್ಯಯನ ಪ್ರವಾಸದ ಹೆಸರಿನಲ್ಲಿ ಒಂದೇ ಬಸ್ಸಿನಲ್ಲಿ ನಲವತ್ತು ಜನ, ಒಂದೇ ಜೊತೆ ಚಪ್ಪಲಿಯಲ್ಲಿ, ಒಂದೇ ದಿನ ಮೂರು ಫಾರ್ಮುಗಳಿಗೆ ಹೋಗಿ ಬರುತ್ತಾರೆ. ರೋಗವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಲು ಇದಕ್ಕಿಂತ ಒಳ್ಳೆಯ ವಾಹನವನ್ನು ನಾನು ಕಂಡಿಲ್ಲ. ಐದು ತಿಂಗಳು ಒಂದೇ ಕಡೆ ಇದ್ದು, ಒಳಗೆ ಹೋಗುವಾಗ ಸ್ನಾನ ಮಾಡಿ, ಅಲ್ಲಿಯದೇ ಬಟ್ಟೆ, ಬೂಟು ತೊಟ್ಟು ಕೆಲಸ ಮಾಡುವವನು ಅದಕ್ಕಿಂತ ಎಷ್ಟೋ ಸುರಕ್ಷಿತ. 1921ರಲ್ಲಿ ಕೀನ್ಯಾದಿಂದ ಮೊದಲು ವರದಿಯಾದ ಆಫ್ರಿಕನ್ ಹಂದಿ ಜ್ವರ 2007ರಲ್ಲಿ ಜಾರ್ಜಿಯಾ ದೇಶಕ್ಕೂ 2018ರಲ್ಲಿ ಚೀನಾಕ್ಕೂ ಕಾಲಿಟ್ಟಿತು. ಅದಕ್ಕೆ ಚಿಕಿತ್ಸೆ ಇಲ್ಲ, ಮತ್ತು ಅದರ ವೈರಾಣು ಹೆಪ್ಪುಗಟ್ಟಿಸಿದ ಹಾಗೂ ಉಪ್ಪು ಹಾಕಿ ಒಣಗಿಸಿದ ಮಾಂಸದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಹೋಟೆಲಿನ ಎಂಜಲನ್ನು ಪುಕ್ಕಟೆ ಆಹಾರವೆಂದು ತಂದು ಹಂದಿಗೆ ಸುರಿಯುವವನಿಗೆ ಈ ಮಾತು ತಲುಪಬೇಕಾದದ್ದು ಆಹಾರದ ಪಾಠದಲ್ಲಿ. ರೋಗದ ಪಾಠದಲ್ಲಿ ಹೇಳಿದರೆ ಅವನಿಗೆ ಅದು ತನ್ನ ಬಕೆಟ್ಟಿಗೆ ಸಂಬಂಧಿಸಿದ್ದು ಎನಿಸುವುದೇ ಇಲ್ಲ. ಬ್ರಿಟನ್ನಿನಲ್ಲಿ 2001ರ ಕಾಲುಬಾಯಿ ರೋಗದ ಮಹಾಮಾರಿಯ ಮೂಲವನ್ನು ಹುಡುಕಿಕೊಂಡು ಹೋದವರು ತಲುಪಿದ್ದು ಸರಿಯಾಗಿ ಬೇಯಿಸದ ಎಂಜಲು ತಿನ್ನಿಸಿದ ಒಂದು ಹಂದಿ ಫಾರ್ಮಿಗೆ. ಅದೇ ವರ್ಷ ಅಲ್ಲಿ ಎಂಜಲು ತಿನ್ನಿಸುವುದನ್ನೇ ನಿಷೇಧಿಸಲಾಯಿತು.

ಔಷಧದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಬೆಳವಣಿಗೆಗೆಂದು ಆಹಾರದಲ್ಲಿ ಆಂಟಿಬಯಾಟಿಕ್ ಬೆರೆಸುವುದನ್ನು ಸ್ವೀಡನ್ 1986ರಲ್ಲಿ, ಇಡೀ ಯುರೋಪಿಯನ್ ಒಕ್ಕೂಟ 2006ರಲ್ಲಿ ನಿಲ್ಲಿಸಿತು. ಮರಿಗಳ ಭೇದಿಗೆ ಆಹಾರದಲ್ಲಿ ಹಾಕುತ್ತಿದ್ದ ಹೆಚ್ಚಿನ ಪ್ರಮಾಣದ ಝಿಂಕ್ ಆಕ್ಸೈಡ್ ಅಲ್ಲಿ 2022ರಲ್ಲಿ ಹೋಯಿತು. ಆ ಪುಡಿಗಳು ಮುಚ್ಚಿಡುತ್ತಿದ್ದ ನಮ್ಮ ಕೈಗುಣದ ಕೊರತೆಗಳನ್ನು ಇನ್ನು ಮುಂದೆ ತರಬೇತಿಯೇ ತುಂಬಬೇಕು. ಹೀಗಿರುವಾಗ ಅನೇಕ ತರಬೇತಿಗಳ ಆಹಾರದ ಪಾಠವನ್ನು ಪೂರಕಗಳನ್ನು ಮಾರುವ ಕಂಪನಿಯವರೇ ಬಂದು ಮಾಡಿ, ಕೊನೆಗೆ ಒಂದೊಂದು ಕೈಚೀಲ ಹಂಚಿ ಹೋಗುವುದನ್ನು ನೋಡಿದಾಗ ನನಗೆ ಮುಜುಗರವಾಗುತ್ತದೆ. ಅವರಲ್ಲಿ ತಿಳಿದವರಿದ್ದಾರೆ, ನಾನೂ ಅವರಿಂದ ಕಲಿತಿದ್ದೇನೆ. ಆದರೆ ಪೂರಕ ಬೇಡ, ಮೊದಲು ಹಾಲು ಬಿಡಿಸುವ ವಯಸ್ಸನ್ನು ಒಂದು ವಾರ ಮುಂದೆ ಹಾಕಿ ನೋಡಿ ಎಂದು ಹೇಳುವ ಸ್ವಾತಂತ್ರ್ಯ ಅವರಿಗಿಲ್ಲ.

ಇನ್ನೊಂದು ವಿಷಯವನ್ನು ಮೊದಲ ದಿನದ ಮೊದಲ ಪಾಠವಾಗಿ ಇಡಬೇಕೆಂದು ವಿನಂತಿ. ಹಂದಿಯ ಸಗಣಿ ಗುಂಡಿ ಕಲಕಿದಾಗ ಏಳುವ ಹೈಡ್ರೋಜನ್ ಸಲ್ಫೈಡ್ ಮೊದಲು ಕೊಳೆತ ಮೊಟ್ಟೆಯಂತೆ ನಾರುತ್ತದೆ, ಪ್ರಮಾಣ ಹೆಚ್ಚಾದಂತೆ ಮೂಗಿನ ಶಕ್ತಿಯನ್ನೇ ಅಡಗಿಸಿಬಿಡುತ್ತದೆ. ವಾಸನೆ ಹೋಯಿತು, ಇನ್ನು ಇಳಿಯಬಹುದು ಎಂದುಕೊಂಡು ಇಳಿದವನು ಕುಸಿಯುತ್ತಾನೆ, ಅವನನ್ನು ಎತ್ತಲು ಇಳಿದವನೂ ಕುಸಿಯುತ್ತಾನೆ. ಮಿಲ್ಲಿನ ಕಡೆ ಕಾಳಿನ ಸೈಲೋ ಹಾಗೆಯೇ. ಕೆಳಗಿನ ಬಾಗಿಲು ತೆರೆದಿರುವಾಗ ಮೇಲೆ ನಿಂತವನನ್ನು ಕಾಳು ಕೆಲವೇ ಸೆಕೆಂಡುಗಳಲ್ಲಿ ಸೊಂಟದವರೆಗೆ ಎಳೆದುಕೊಳ್ಳುತ್ತದೆ, ಆಮೇಲೆ ಇನ್ನೊಬ್ಬನು ಕೈಹಿಡಿದು ಎಳೆದರೂ ಅವನು ಬರುವುದಿಲ್ಲ. ಮಿಕ್ಸರಿನೊಳಗೆ ಕೈ ಹಾಕುವ ಮೊದಲು ವಿದ್ಯುತ್ ಕಡಿತಗೊಳಿಸಿ, ಬೀಗ ಹಾಕಿ, ಬೀಗದ ಕೈಯನ್ನು ತನ್ನ ಜೇಬಿನಲ್ಲೇ ಇಟ್ಟುಕೊಳ್ಳುವುದನ್ನು ಅಭ್ಯಾಸ ಮಾಡಿಸಿ. ನಾನು ನೋಡಿದ ಪಠ್ಯಕ್ರಮಗಳಲ್ಲಿ ಇವೆಲ್ಲ ಕೊನೆಯ ಅಧ್ಯಾಯದಲ್ಲಿ, ಸಮಯವಿದ್ದರೆ ಎಂಬ ಷರತ್ತಿನ ಮೇಲೆ ಇವೆ.

ಖರ್ಚಿನ ಬಗ್ಗೆ ನೀವು ಯೋಚಿಸುತ್ತಿರುವುದು ಸಹಜ. ಅಭ್ಯರ್ಥಿ ಐದು ತಿಂಗಳು ದುಡಿಯುತ್ತಾನೆ. ಆ ದುಡಿಮೆಗೆ ಸಂಬಳ ಕೊಡಿ, ಅದರ ಒಂದು ಪಾಲನ್ನು ಫಾರ್ಮು ಮತ್ತು ಮಿಲ್ಲಿನಿಂದಲೇ ಪಡೆಯಿರಿ. ಸಂಬಳವಿಲ್ಲದೆ ಇಷ್ಟು ದಿನ ಕೂರಲು ಅನುಕೂಲಸ್ಥರ ಮಕ್ಕಳಿಗೆ ಮಾತ್ರ ಸಾಧ್ಯ, ಅವರು ಕಲಿತ ಮೇಲೆ ಶೆಡ್ಡಿನಲ್ಲಿ ನಿಲ್ಲುವುದಿಲ್ಲ. ಶೆಡ್ಡಿನಲ್ಲಿ ನಿಲ್ಲುವವರಲ್ಲಿ ಅನೇಕರಿಗೆ ಓದು ಬರಹ ಅಷ್ಟಕ್ಕಷ್ಟೆ ಇರುವುದರಿಂದಲೂ ನಾನು ಕೈಪರೀಕ್ಷೆ ಕೇಳುತ್ತಿದ್ದೇನೆ. ಹಾಲುಣಿಸುವ ಹಂದಿಗೆ ದಿನಕ್ಕೆ 20ರಿಂದ 40 ಲೀಟರ್ ನೀರು ಬೇಕು ಎಂದು ಬರೆದವನಿಗೆ ಎರಡು ಅಂಕ ಕೊಡುತ್ತೀರಿ. ಅದರ ಬದಲು ಅವನ ಕೈಗೆ ಒಂದು ಲೀಟರಿನ ಬಾಟಲಿ ಕೊಟ್ಟು ನಿಪ್ಪಲ್ ಕೆಳಗೆ ಹಿಡಿಯಲು ಹೇಳಿ. ನಿಮಿಷಕ್ಕೆ ಎರಡು ಲೀಟರ್ ಹರಿಯಬೇಕಾದ ಕಡೆ ಬಾಟಲಿ ಅರ್ಧ ನಿಮಿಷದಲ್ಲಿ ತುಂಬಬೇಕು. ತುಂಬದಿದ್ದರೆ ಅವನು ಏನು ಮಾಡುತ್ತಾನೆ ಎಂದು ಸುಮ್ಮನೆ ನಿಂತು ನೋಡಿ, ಅಂಕ ಅದಕ್ಕೆ ಕೊಡಿ. ಹಾಗೆಯೇ ಹರಿದ ಜಾಲರಿಯಲ್ಲಿ ಬೀಸಿದ ಹಿಟ್ಟಿನ ಒಂದು ಬಟ್ಟಲು, ಸೋಯಾ ಮತ್ತು ಕಡಲೆಕಾಯಿ ಹಿಂಡಿಯ ಎರಡು ಹಿಡಿ, ಅಂಕಣದಲ್ಲಿ ಒಂದು ಬೆದೆಯ ಹಂದಿ, ಒಂದು ಬೆದೆಯಲ್ಲದ ಹಂದಿ, ಇಷ್ಟಿದ್ದರೆ ಅರ್ಧ ದಿನದ ಪರೀಕ್ಷೆ ಸಿದ್ಧವಾಗುತ್ತದೆ. ಅಭ್ಯರ್ಥಿಯ ದಿನಚರಿ ಪುಸ್ತಕಕ್ಕೆ ಇಬ್ಬರ ಸಹಿ ಇರಲಿ, ಒಬ್ಬರು ಫಾರ್ಮಿನವರು, ಒಬ್ಬರು ಮಿಲ್ಲಿನವರು. ಎರಡರಲ್ಲಿ ಒಂದು ಸಹಿ ಇಲ್ಲದಿದ್ದರೆ ಪ್ರಮಾಣಪತ್ರ ಬೇಡ.

ಇದೆಲ್ಲ ಒಂದೇ ವರ್ಷದಲ್ಲಿ ಆಗದಿದ್ದರೆ, ಮುಂದಿನ ತಂಡದ ಹಂದಿ ಸಾಕಾಣಿಕೆಯ ಅಭ್ಯರ್ಥಿಗಳನ್ನು ಎರಡು ವಾರ ಮಿಲ್ಲಿಗೂ, ಮಿಲ್ಲಿನ ಅಭ್ಯರ್ಥಿಗಳನ್ನು ಎರಡು ವಾರ ಈಯುವ ಶೆಡ್ಡಿಗೂ ಕಳುಹಿಸಿ ನೋಡಿ. ಅದಕ್ಕೆ ಹೊಸ ಕಟ್ಟಡ ಬೇಡ, ಹೊಸ ಆದೇಶವೂ ಬೇಡವೆಂದುಕೊಂಡಿದ್ದೇನೆ. ನಾನು ಕೆಲಸ ಮಾಡುವಲ್ಲಿ ಇಬ್ಬರನ್ನು ಇರಿಸಿಕೊಳ್ಳಲು ಜಾಗವಿದೆ, ಮಾಲೀಕರು ಒಪ್ಪಿದ್ದಾರೆ. ಯಾರನ್ನು ಕಳುಹಿಸುತ್ತೀರಿ, ಯಾವಾಗ ಕಳುಹಿಸುತ್ತೀರಿ ಎಂದು ತಿಳಿಸಿದರೆ ಅವರ ಅಳತೆಯ ಬೂಟು ತರಿಸಿಡುತ್ತೇನೆ.

ಇಂತಿ,
ಶೆಡ್ಡಿನಲ್ಲೂ ಮಿಲ್ಲಿನಲ್ಲೂ ದುಡಿದ ಒಬ್ಬ ಮೇಲ್ವಿಚಾರಕ